ವಿಮಾನದ ದಾರಿಯಲ್ಲಿ ಹದ್ದು

ಮುಳಬಾಗಿಲು ತಾಲೂಕಿನ ಬೈರಕೂರಿನ ಕಡೆ ಹೊಲ ಉಳುವಾಗ ಬೆಳ್ಳಕ್ಕಿಗಳು ಹಿಂದೆ ಹಿಂದೆಯೇ ಬರುವುದು ಎಲ್ಲರೂ ಕಂಡ ನೋಟ. ಮಣ್ಣು ಮಗುಚಿದಾಗ ಮೇಲೆ ಬರುವ ಹುಳುಗಳೇ ಅವಕ್ಕೆ ಊಟ. ಬಯಲು ನೆಲದಲ್ಲೇ ಮೊಟ್ಟೆಯಿಡುವ ಟಿಟ್ಟಿಭ, ಸತ್ತ ಇಲಿ, ಕೋಳಿಯ ಕರುಳು ಹುಡುಕುತ್ತ ಸುತ್ತುವ ಹದ್ದು ಇವೂ ನಮಗೆ ಪರಿಚಿತ. ಈ ಹಕ್ಕಿಗಳಿಗೂ ನೂರಾರು ಜನರನ್ನು ಹೊತ್ತು ಹಾರುವ ವಿಮಾನಕ್ಕೂ ಎಲ್ಲಿಯ ನಂಟು?

ನಂಟು ಇರುವುದು ಆಕಾಶದಲ್ಲಲ್ಲ, ನೆಲದಲ್ಲಿ. ಹಕ್ಕಿಯ ಕಣ್ಣಿಗೆ ವಿಮಾನ ನಿಲ್ದಾಣವೆಂದರೆ ಬೇಲಿ ಹಾಕಿದ ದೊಡ್ಡ ಗೋಮಾಳ. ಅಲ್ಲಿ ಜನರಿಲ್ಲ, ನಾಯಿಗಳ ಕಾಟ ಕಡಿಮೆ, ಹುಲ್ಲು ಹುಲುಸು. ಹುಲ್ಲು ಕತ್ತರಿಸುವ ಯಂತ್ರ ಓಡಿದರೆ ಮಿಡತೆಗಳು ಏಳುತ್ತವೆ; ಉಳುವವನ ಹಿಂದೆ ನಡೆದ ಬೆಳ್ಳಕ್ಕಿ ಇಲ್ಲಿ ಯಂತ್ರದ ಹಿಂದೆ ನಡೆಯುತ್ತದೆ. 2008ರ ಮೇ 24ರಂದು ಆರಂಭವಾದ ದೇವನಹಳ್ಳಿಯ ನಿಲ್ದಾಣವೂ ಇಂಥ ಕೆರೆ, ಹೊಲಗಳ ನಾಡಿನಲ್ಲೇ ಎದ್ದದ್ದು.

ಒಂದು ಹಕ್ಕಿಯಿಂದ ಏನಾದೀತು ಎನ್ನಬೇಡಿ. ಗಂಟೆಗೆ 250 ಕಿ.ಮೀ. ವೇಗದ ವಿಮಾನಕ್ಕೆ ಒಂದು ಕೆ.ಜಿ. ತೂಕದ ಹಕ್ಕಿ ಬಡಿದರೆ, 10 ಕೆ.ಜಿ. ಕಲ್ಲನ್ನು ಸುಮಾರು 24 ಮೀಟರ್ ಎತ್ತರದಿಂದ ಬೀಳಿಸಿದಷ್ಟು ಪೆಟ್ಟು. ವೇಗ ಎರಡರಷ್ಟಾದರೆ ಪೆಟ್ಟು ನಾಲ್ಕರಷ್ಟು. ಇಂಥ ಡಿಕ್ಕಿಗಳಲ್ಲಿ ಹೆಚ್ಚಿನವು ವಿಮಾನ ಏರುವಾಗ, ಇಳಿಯುವಾಗಲೇ ಆಗುತ್ತವೆ. ಆಗ ಪೈಲಟ್‌ಗೆ ಎತ್ತರವೂ ಇಲ್ಲ, ಸಮಯವೂ ಇಲ್ಲ. 1960ರ ಅಕ್ಟೋಬರ್ 4ರಂದು ಅಮೆರಿಕದ ಬಾಸ್ಟನ್‌ನಲ್ಲಿ ಅಂಗೈಯಗಲದ ಸ್ಟಾರ್ಲಿಂಗ್ ಹಕ್ಕಿಗಳ ಹಿಂಡು ಎಂಜಿನ್‌ಗಳಿಗೆ ನುಗ್ಗಿ ವಿಮಾನ ಕೆಳಗೆ ಬಿತ್ತು. 62 ಮಂದಿ ಸತ್ತರು. 2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಹೆಬ್ಬಾತುಗಳ ಹಿಂಡು ಎರಡೂ ಎಂಜಿನ್‌ಗಳನ್ನು ಕೆಡಿಸಿದಾಗ ಪೈಲಟ್ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿದ. 155 ಮಂದಿಯೂ ಉಳಿದರು. ಎಲ್ಲೆಡೆಯೂ ಅಂಥ ನದಿ ಇರುವುದಿಲ್ಲ.

ಪಟಾಕಿ ಹೊಡೆದು, ಹಕ್ಕಿಗಳ ಆರ್ತನಾದದ ಧ್ವನಿಮುದ್ರಣ ಕೇಳಿಸಿ ಓಡಿಸುವುದುಂಟು. ಆದರೆ ಹೊಲದ ಬೆದರುಬೊಂಬೆಗೆ ಗುಬ್ಬಿ ಒಗ್ಗಿಕೊಳ್ಳುವಂತೆ ಈ ಸದ್ದಿಗೂ ಹಕ್ಕಿ ಒಗ್ಗುತ್ತದೆ. ಹಸಿವು ಭಯಕ್ಕಿಂತ ದೊಡ್ಡದು. 1980ರ ದಶಕದಲ್ಲಿ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪಕ್ಷಿತಜ್ಞರು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಈ ಸಮಸ್ಯೆಯನ್ನು ಅಧ್ಯಯನ ಮಾಡಿದ್ದು ಬಂದೂಕು ಹಿಡಿದಲ್ಲ. ಯಾವ ಹಕ್ಕಿ, ಏನು ತಿನ್ನಲು ಬರುತ್ತದೆ ಎಂಬ ಪ್ರಶ್ನೆ ಹಿಡಿದು. 1937ರ ವಿಮಾನ ನಿಯಮಾವಳಿಯ 91ನೆಯ ನಿಯಮದ ತಿರುಳೂ ಅದೇ: ನಿಲ್ದಾಣದ ಸುತ್ತ 10 ಕಿ.ಮೀ. ಒಳಗೆ ಪ್ರಾಣಿವಧೆ ಮಾಡಬಾರದು, ಕಸ ಸುರಿಯಬಾರದು.

ಯಲಹಂಕದಲ್ಲಿ 1996ರಿಂದ ನಡೆಯುತ್ತಿರುವ ಏರೋ ಇಂಡಿಯಾ ಪ್ರದರ್ಶನ ಬಂತೆಂದರೆ ಸುತ್ತಲಿನ ಮಾಂಸದಂಗಡಿಗಳಿಗೆ ಬೀಗ ಬೀಳುವುದು ಇದೇ ಕಾರಣಕ್ಕೆ. 2025ರಲ್ಲಿ ಐದು ದಿನದ ಪ್ರದರ್ಶನಕ್ಕಾಗಿ 13 ಕಿ.ಮೀ. ವ್ಯಾಪ್ತಿಯಲ್ಲಿ ಮೂರೂವರೆ ವಾರಕ್ಕೂ ಹೆಚ್ಚು ಕಾಲ ಮಾಂಸ, ಮೀನಿನ ಮಾರಾಟ ನಿಷೇಧಿಸಲಾಗಿತ್ತು. ಹದ್ದು ಮಾಂಸದ ಚೂರಿಗೆ ಎರಗುವುದು ನಿಜ. ಆದರೆ ಅದು ಬರುವುದು ತಟ್ಟೆಯಲ್ಲಿ ಬಡಿಸಿದ ಊಟಕ್ಕಲ್ಲ, ಬೀದಿಗೆ ಎಸೆದ ತ್ಯಾಜ್ಯಕ್ಕೆ. ದಿನಗೂಲಿಯ ಕೆಲಸಗಾರ ಮೂರೂವರೆ ವಾರದ ಸಂಪಾದನೆ ಕಳೆದುಕೊಳ್ಳುತ್ತಾನೆ. ವರ್ಷವಿಡೀ ಕೊಳೆಯುವ ಕಸದ ರಾಶಿ ಹದ್ದನ್ನು ಕರೆಯುತ್ತಲೇ ಇರುತ್ತದೆ.

ಯಲಹಂಕಕ್ಕೆ ಸಮೀಪದ ಮಾವಳ್ಳಿಪುರದಲ್ಲಿ ಬೆಂಗಳೂರು ವರ್ಷಗಟ್ಟಲೆ ಕಸ ಸುರಿಯಿತು. ಗ್ರಾಮಸ್ಥರ ಹೋರಾಟದ ಬಳಿಕ 2012ರಲ್ಲಿ ಅದು ನಿಂತಾಗ ಲಾರಿಗಳು ಮಂಡೂರಿನತ್ತ ತಿರುಗಿದವು. ಕಸ ಊರು ಬದಲಿಸಿತು, ಹದ್ದೂ ಅದರ ಹಿಂದೆ ಹೋಗುತ್ತದೆ, ಅಷ್ಟೆ. ಹಸಿಕಸವನ್ನು ಮನೆಯಲ್ಲೇ ಬೇರ್ಪಡಿಸಿ, ಅಂಗಡಿಯ ತ್ಯಾಜ್ಯವನ್ನು ಅಂದಂದೇ ಮುಚ್ಚಿದ ಗಾಡಿಯಲ್ಲಿ ಸಾಗಿಸಿ ಗೊಬ್ಬರ ಮಾಡಿದರೆ, ಅಂಗಡಿಗೆ ಬೀಗ ಹಾಕುವ ಪ್ರಮೇಯ ಅಷ್ಟರಮಟ್ಟಿಗೆ ತಪ್ಪುತ್ತದೆ. ವಿಮಾನದ ದಾರಿಯಿಂದ ಹದ್ದನ್ನು ದೂರವಿಡುವ ಕೆಲಸದಲ್ಲಿ ಪೈಲಟ್‌ಗಿಂತ ಪೌರಕಾರ್ಮಿಕನ ಪಾಲೇ ಹೆಚ್ಚು.