ಸುಸ್ತಿದಾರರ ಹೆಸರು ಬೋರ್ಡಿಗೆ ಹಾಕಬೇಕೆ?

ಕಳೆದ ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ ನಿರ್ದೇಶಕರೊಬ್ಬರು ಒಂದು ಸಲಹೆ ಮುಂದಿಟ್ಟರು. ಸುಸ್ತಿದಾರರ ಹೆಸರನ್ನೂ ಬಾಕಿಯನ್ನೂ ಬರೆದು ಸಂಘದ ನೋಟೀಸು ಬೋರ್ಡಿಗೆ ಅಂಟಿಸಬೇಕು, ಮರ್ಯಾದೆಗೆ ಅಂಜಿಯಾದರೂ ಕಟ್ಟುತ್ತಾರೆ ಎಂಬುದು ಅವರ ಅಭಿಪ್ರಾಯ. ಇನ್ನೊಬ್ಬರು ಒಪ್ಪಲಿಲ್ಲ. "ಕೊಳೆ ಬಂದ್ ಅಡ್ಕಿ ಪೂರಾ ಉದ್ರಿ ಹೋಯ್ತ್ ಮಾರಾಯ್ರೆ, ಅವ ಎಲ್ಲಿಂದ ಕಟ್ಟೂದ್?" ಎಂದರು. ತೀರ್ಮಾನವಾಗಲಿಲ್ಲ. ವಿಷಯ ಮಹಾಸಭೆಗೆ ಬರಲಿರುವುದರಿಂದ ಸದಸ್ಯ ಬಾಂಧವರ ಗಮನಕ್ಕೆ ಈ ನಾಲ್ಕು ಮಾತು.

ಮರ್ಯಾದೆಯನ್ನು ಸಾಲಕ್ಕೆ ಆಧಾರವಾಗಿ ಹಿಡಿಯುವುದು ಹೊಸತೇನಲ್ಲ. 1904ರ ಸಹಕಾರಿ ಸಾಲ ಸಂಘಗಳ ಕಾಯಿದೆಯಂತೆ ಹಳ್ಳಿಯ ಸಂಘಗಳದ್ದು ಸಾಮಾನ್ಯವಾಗಿ ಅಪರಿಮಿತ ಹೊಣೆ. ಸಂಘ ಮುಳುಗಿದರೆ ಪ್ರತಿ ಸದಸ್ಯನ ಆಸ್ತಿಯೂ ಅದರ ಸಾಲಕ್ಕೆ ಬಾಧ್ಯ. ಹಾಗಾಗಿ ನೆರೆಯವನು ಸಾಲದ ಹಣದಲ್ಲಿ ಗೊಬ್ಬರ ತಂದನೋ, ಮದುವೆ ಚಪ್ಪರ ಹಾಕಿಸಿದನೋ ಎಂದು ನೋಡುವುದು ಎಲ್ಲರ ಕೆಲಸವಾಗಿತ್ತು. ಗದಗದ ಬಳಿ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರೂ, ಪುತ್ತೂರಿನಲ್ಲಿ 1909ರಲ್ಲಿ ನಮ್ಮ ತಾಲೂಕಿನ ಮೊಳಹಳ್ಳಿಯ ಹೆಸರು ಹೊತ್ತ ಶಿವರಾಯರೂ ಸಂಘ ಕಟ್ಟಿದ್ದು ಆ ಕಾಲದಲ್ಲಿ. ಜಿಲ್ಲಾ ಕೇಂದ್ರ ಬ್ಯಾಂಕು ಬಂದದ್ದು ಆಮೇಲೆ, 1914ರಲ್ಲಿ.

ಇದೇ ತತ್ತ್ವ ಇಂದಿಗೂ ಗಟ್ಟಿಯಾಗಿರುವ ಒಂದು ಊರು ಇಂಡೋನೇಷ್ಯದ ಬಾಲಿ ದ್ವೀಪ. ಅಲ್ಲಿನ ಕಿಂತಾಮಣಿ ಎಂಬ ಗುಡ್ಡಸೀಮೆಯಲ್ಲಿ (ನಮ್ಮ ಚಿಂತಾಮಣಿ ಅಲ್ಲ!) ಅರೇಬಿಕಾ ಕಾಫಿ ಬೆಳೆಯುತ್ತಾರೆ, ಆ ದೇಶದಲ್ಲಿ ಮೊದಲ ಭೌಗೋಳಿಕ ಗುರುತು ಸಿಕ್ಕಿದ್ದು ಅದಕ್ಕೇ, 2008ರಲ್ಲಿ. ಅವರ ಬಾಳಿನ ಸೂತ್ರಕ್ಕೆ 'ತ್ರಿ ಹಿತ ಕರಣ' ಎಂದು ಹೆಸರು. ನಮಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ: ದೇವರು, ನೆರೆಹೊರೆ, ನೆಲ ಜಲ, ಈ ಮೂರರೊಡನೆ ಹೊಂದಿ ನಡೆದರೆ ಹಿತ. 1984ರಿಂದ ಅಲ್ಲಿ ಗ್ರಾಮ ಸಾಲ ಸಂಸ್ಥೆಗಳು ಹುಟ್ಟಿಕೊಂಡವು. ಇವುಗಳ ಒಡೆತನ ಷೇರುದಾರರದ್ದಲ್ಲ, ಸಂಪ್ರದಾಯದ ಗ್ರಾಮಸಭೆಯದ್ದು. 2002ರ ಪ್ರಾಂತೀಯ ನಿಯಮದಲ್ಲಿ ಲಾಭದ ನೂರರಲ್ಲಿ 60 ಪಾಲು ಬಂಡವಾಳಕ್ಕೆ, 20 ಊರಿನ ಅಭಿವೃದ್ಧಿಗೆ, 5 ಸಮಾಜ ನಿಧಿಗೆ ಎಂದು ಗೊತ್ತುಮಾಡಿದರು. ಸಾಲ ಮುಳುಗಿಸಿದವನು ಇಡೀ ಊರಿನ ಪಾಲನ್ನೇ ಮುಳುಗಿಸಿದಂತೆ. ತಪ್ಪಿದವನನ್ನು ಗ್ರಾಮಸಭೆ ಕರೆಸಿ ಕೇಳುತ್ತದೆ. ಊರಕಟ್ಟಳೆಯಲ್ಲಿ ಬಹಿಷ್ಕಾರದವರೆಗೂ ದಂಡನೆಯುಂಟು. ಬಹಿಷ್ಕಾರದ ಕಹಿ ನಮ್ಮ ಊರುಗಳಿಗೂ ಗೊತ್ತಿರುವುದರಿಂದ ಅದನ್ನು ವಸೂಲಿಗೆ ತರುವುದು ನನಗಂತೂ ಒಪ್ಪಿಗೆಯಿಲ್ಲ.

ಇಷ್ಟಾಗಿಯೂ ಬಾಲಿಯ ಹಲವು ಸಂಸ್ಥೆಗಳು ದಿವಾಳಿಯೆದ್ದಿವೆ, ಕೆಲವು ಮುಖ್ಯಸ್ಥರು ಹಣ ದುರುಪಯೋಗಕ್ಕಾಗಿ ಜೈಲು ಕಂಡಿದ್ದಾರೆ. ಸಣ್ಣ ಸಾಲಗಾರನನ್ನು ಪ್ರಶ್ನಿಸಲು ಸಭೆಯಿತ್ತು. ಕೀಲಿಕೈ ಹಿಡಿದವರನ್ನು ಕೇಳಲು ದಾಕ್ಷಿಣ್ಯ ಅಡ್ಡ ಬಂದಿರಬೇಕು.

ದಾಕ್ಷಿಣ್ಯದ ಮಾತು ಬಂದಾಗ ನನ್ನದನ್ನೂ ಹೇಳಿಬಿಡುತ್ತೇನೆ. ನನ್ನ ಭಾವನವರ ಸಾಲ ಎರಡು ವರ್ಷದಿಂದ ಸುಸ್ತಿಯಲ್ಲಿದೆ. ಬೇರೆಯವರಿಗೆ ಮೂರು ತಿಂಗಳಲ್ಲೇ ನೋಟೀಸು ಕಳಿಸಿದ ನಾನು ಅವರಿಗೆ ಕಳಿಸಲಿಲ್ಲ. ಅವರ ತೋಟ ನೀರಾವರಿಯದು, ಕೊಳೆಯಿಂದ ಹೆಚ್ಚು ನಷ್ಟವೂ ಆಗಿಲ್ಲ. ಅದೇ ಸಾಲಿನಲ್ಲಿ ಒಂದು ಎಕರೆಯ ಸದಸ್ಯರೊಬ್ಬರಿಗೆ ಎಡೆಬಿಡದ ಮಳೆಯಿಂದ ಎರಡನೆಯ ಬಾರಿ ಬೋರ್ಡೋ ಸಿಂಪಡಿಸಲಾಗದೆ ಗೊನೆಗಳೆಲ್ಲ ಬರಿದಾದವು. ಬೋರ್ಡಿನಲ್ಲಿ ಮೊದಲು ಕಾಣುವುದು ಅವರ ಹೆಸರು.

ಆದ್ದರಿಂದ ಮಹಾಸಭೆಯಲ್ಲಿ ನನ್ನ ಸೂಚನೆ ಹೀಗಿರುತ್ತದೆ. ಬೋರ್ಡು ಬೇಡ. ಸುಸ್ತಿಯಾದವರ ತೋಟಕ್ಕೆ ಜಾಮೀನುದಾರರೊಡನೆ ಇಬ್ಬರು ನಿರ್ದೇಶಕರು ಹೋಗಿ ನೋಡಿ ಬರಲಿ; ಬೆಳೆ ಹೋದದ್ದು ನಿಜವಾದರೆ ಕಾಯಿದೆಗೆ ಒಳಪಟ್ಟು ಮುದ್ದತು ಮುಂದೂಡೋಣ. ನಿರ್ದೇಶಕರ, ಕಾರ್ಯದರ್ಶಿಯ ಮತ್ತು ನಮ್ಮ ಹತ್ತಿರದ ಬಂಧುಗಳ ಸಾಲದ ಪಟ್ಟಿಯನ್ನು ಮಾತ್ರ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಭಾವನವರಿಗೆ ಮೊದಲೇ ತಿಳಿಸಿದ್ದೇನೆ. ಈ ವರ್ಷ ಕೋಟೇಶ್ವರದ ಕೊಡಿ ಹಬ್ಬಕ್ಕೆ ಅವರು ನಮ್ಮ ಮನೆಗೆ ಬರುವುದು ಸಂಶಯ. ಪಟ್ಟಿ ಮಹಾಸಭೆಗೆ ಹದಿನೈದು ದಿನ ಮೊದಲೇ ಕಚೇರಿಯಲ್ಲಿ ಸದಸ್ಯರಿಗೆ ನೋಡಲು ಸಿಗುತ್ತದೆ.

— ಕಾರ್ಯದರ್ಶಿ