ಯಂತ್ರವು ಅನ್ವಯ ಮಾಡುವ ಬಗೆ

ಶ್ರೀನಿವಾಸಪುರದ ಮಂಡಿಯಿಂದ ಮುಳಬಾಗಿಲಿಗೆ ೨೦ ಪೆಟ್ಟಿಗೆ ಮಾವಿನಹಣ್ಣು ಹೊರಟಿತೆಂದು ಭಾವಿಸೋಣ. ಪೆಟ್ಟಿಗೆಯೊಂದರ ಬೆಲೆ ೩೦೦ ರೂಪಾಯಿ. ಗಾಡಿಯ ಬಾಡಿಗೆ ಒಟ್ಟು ೧೦೦ ರೂಪಾಯಿ. ವ್ಯಾಪಾರಿಯು ‘೧೦೦ + ೨೦ × ೩೦೦’ ಎಂದು ಬರೆದು ಗಣಕಯಂತ್ರಕ್ಕೆ ಕೊಡುತ್ತಾನೆ. ಸಲ್ಲಬೇಕಾದ ಹಣ ೬,೧೦೦ ರೂಪಾಯಿ. ಯಂತ್ರವು ಎಡದಿಂದ ಬಲಕ್ಕೆ ಕಂಡಕಂಡಂತೆ ಲೆಕ್ಕ ಹಾಕಿದರೆ ಮೊದಲು ೧೨೦, ಅನಂತರ ೩೬,೦೦೦ ಎಂದೀತು! ಅಂಕೆಗಳು ಅವೇ, ಚಿಹ್ನೆಗಳೂ ಅವೇ. ಕೆಟ್ಟುದು ಅನ್ವಯ ಮಾತ್ರ.

ಹಳಗನ್ನಡ ಪದ್ಯವನ್ನೋದುವಾಗ ಯಾವ ಪದವು ಯಾವುದರೊಡನೆ ಕೂಡುವುದೆಂದು ನಾವು ಮೊದಲು ಅನ್ವಯ ಮಾಡಿಕೊಳ್ಳುತ್ತೇವಷ್ಟೆ. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಆಜ್ಞೆಗಳನ್ನಾಗಿ ಮಾರ್ಪಡಿಸುವ ಕಂಪೈಲರಿಗೂ ಈ ಕೆಲಸ ತಪ್ಪಿದುದಲ್ಲ. ಇದಕ್ಕೆ ಪಾರ್ಸಿಂಗ್ ಎಂದು ಹೆಸರು. ಅನ್ವಯಕ್ಕೆ ವ್ಯಾಕರಣ ಬೇಕು. ನಮ್ಮ ಲೆಕ್ಕಕ್ಕೆ ಎರಡು ಸೂತ್ರಗಳು ಸಾಕು.

೧. ‘ಮೊತ್ತ’ವೆಂದರೆ ಒಂದು ಗುಣಲಬ್ಧ, ಇಲ್ಲವೆ ಒಂದು ಮೊತ್ತ, ಕೂಡುವ ಚಿಹ್ನೆ, ಒಂದು ಗುಣಲಬ್ಧ.

೨. ‘ಗುಣಲಬ್ಧ’ವೆಂದರೆ ಒಂದು ಸಂಖ್ಯೆ, ಇಲ್ಲವೆ ಒಂದು ಗುಣಲಬ್ಧ, ಗುಣಿಸುವ ಚಿಹ್ನೆ, ಒಂದು ಸಂಖ್ಯೆ.

ಗುಣಲಬ್ಧದೊಳಗೆ ಕೂಡುವ ಚಿಹ್ನೆಗೆ ಎಡೆಯಿಲ್ಲವಾದ್ದರಿಂದ, ಮೊದಲು ಗುಣಿಸಬೇಕೆಂಬ ನಿಯಮವು ಸೂತ್ರಗಳಲ್ಲೇ ಅಡಗಿದೆ. ೧೯೬೦ರಲ್ಲಿ ಪ್ರಕಟವಾದ ಆಲ್ಗಾಲ್ ಭಾಷೆಯ ವರದಿಯು ಇಂಥ ಸೂತ್ರಗಳಿಂದಲೇ ಆ ಭಾಷೆಯ ವಾಕ್ಯರಚನೆಯನ್ನು ವಿವರಿಸಿತು.

ಸೂತ್ರಗಳನ್ನು ಬಳಸಲು ಎರಡು ದಾರಿಗಳುಂಟು. ಮೊದಲನೆಯದು ಮೇಲಿನಿಂದ ಕೆಳಕ್ಕೆ ಇಳಿಯುವುದು. ‘ನನಗೆ ಬೇಕಾದುದು ಮೊತ್ತ, ಅದರೊಳಗೆ ಏನೇನಿರಬೇಕು?’ ಎಂದು ಕೇಳಿಕೊಳ್ಳುತ್ತ ಯಂತ್ರವು ಸಂಖ್ಯೆಗಳವರೆಗೆ ಇಳಿಯುತ್ತದೆ. ಇಲ್ಲೊಂದು ತೊಡಕುಂಟು. ಮೊತ್ತವನ್ನು ಹುಡುಕಹೊರಟರೆ ಸೂತ್ರವು ‘ಮೊದಲು ಮೊತ್ತವನ್ನು ಹುಡುಕು’ ಎನ್ನಬಹುದು. ಆ ಮೊತ್ತಕ್ಕೂ ಅದೇ ಉತ್ತರ! ಒಂದು ಅಂಕೆಯನ್ನೂ ಓದದೆ ಯಂತ್ರವು ಗಾಣದೆತ್ತಿನಂತೆ ಸುತ್ತುತ್ತಿರುತ್ತದೆ. ಆದುದರಿಂದ ‘ಮೊದಲು ಒಂದು ಗುಣಲಬ್ಧ, ಮುಂದೆ ಕೂಡುವ ಚಿಹ್ನೆ ಕಂಡಾಗಲೆಲ್ಲ ಇನ್ನೊಂದು ಗುಣಲಬ್ಧ’ ಎಂದು ಸೂತ್ರವನ್ನು ತಿದ್ದಬೇಕು. ಎರಡನೆಯ ಸೂತ್ರಕ್ಕೂ ಇದೇ ಚಿಕಿತ್ಸೆ.

ಎರಡನೆಯದು ಕೆಳಗಿನಿಂದ ಮೇಲಕ್ಕೆ ಏರುವ ದಾರಿ. ಮಾಲೂರಿನಲ್ಲಿ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುವಂತೆ ಯಂತ್ರವು ಓದಿದುದನ್ನು ಪೇರಿಸುತ್ತದೆ. ಮೇಲಿನ ಕೆಲವು ಸೇರಿ ಒಂದು ಸೂತ್ರದ ರೂಪವನ್ನು ತಾಳಿದಾಗ, ಅವನ್ನು ತೆಗೆದು ಆ ಸೂತ್ರದ ಹೆಸರನ್ನಿಡುತ್ತದೆ. ೧೦೦ ಎಂಬುದು ಮೊತ್ತವಾಯಿತು. ಕೂಡುವ ಚಿಹ್ನೆ ಬಂದಿತು. ೨೦ ಬಂದು ಗುಣಲಬ್ಧವಾಯಿತು. ‘ಮೊತ್ತ + ಗುಣಲಬ್ಧ’ ಸಿದ್ಧವಾಗಿದೆ. ಒಡನೆಯೇ ಕೂಡಿಬಿಡಬೇಕೆ? ೨೯,೯೦೦ ರೂಪಾಯಿನ ವ್ಯತ್ಯಾಸವು ನಿಂತಿರುವುದು ಈ ಒಂದು ಗಳಿಗೆಯ ಮೇಲೆ. ಯಂತ್ರವು ಮುಂದಿನ ಚಿಹ್ನೆಯನ್ನು ಇಣಿಕಿನೋಡುತ್ತದೆ: ಅದು ಗುಣಿಸುವ ಚಿಹ್ನೆ. ಮೊತ್ತವೊಂದರ ಬೆನ್ನಿಗೆ ಆ ಚಿಹ್ನೆ ಬರಲು ನಮ್ಮ ಸೂತ್ರಗಳು ಎಡೆಗೊಡವು. ಆದುದರಿಂದ ಅದು ಕಾಯುತ್ತದೆ. ೩೦೦ ಬಂದ ಮೇಲೆ ಗುಣಿಸಿ, ಕೊನೆಗೆ ಕೂಡುತ್ತದೆ. ಉತ್ತರ ೬,೧೦೦. ಈ ವಿಧಾನಕ್ಕೆ ೧೯೬೫ರಲ್ಲಿ ಭದ್ರವಾದ ಗಣಿತದ ತಳಹದಿಯನ್ನು ಹಾಕಿದವರು ಅಮೆರಿಕದ ಡೊನಾಲ್ಡ್ ಕನೂಥ್.

ಎರಡು ದಾರಿಗಳ ಭೇದವಿರುವುದು ತೀರ್ಮಾನದ ಹೊತ್ತಿನಲ್ಲಿ. ಇಳಿಯುವ ಯಂತ್ರವು ಒಳಗಿರುವುದನ್ನೆಲ್ಲ ಕಾಣುವ ಮೊದಲೇ ಸೂತ್ರವನ್ನು ಆರಿಸಬೇಕು; ಏರುವುದು ಎಲ್ಲವನ್ನೂ ಕಂಡ ಮೇಲೆ ಆರಿಸುತ್ತದೆ. ಆದ್ದರಿಂದ ಏರುವ ವಿಧಾನಕ್ಕೆ ಹೆಚ್ಚು ವ್ಯಾಕರಣಗಳು ಒಗ್ಗುತ್ತವೆ. ಹಾಗೆಂದು ಇಳಿಯುವುದೇನೂ ಕೀಳಲ್ಲ. ಅದನ್ನು ಕೈಯಿಂದ ಬರೆಯುವುದು ಸುಲಭ. ತಪ್ಪು ಎಲ್ಲಾಯಿತೆಂದು ತಿಳಿಸುವುದೂ ಸುಲಭ. ಪ್ರಸಿದ್ಧವಾದ ಜಿ.ಸಿ.ಸಿ. ಕಂಪೈಲರು ೨೦೦೪ರಲ್ಲಿ ಸಿ ಪ್ಲಸ್ ಪ್ಲಸ್ ಭಾಷೆಗೆ ಏರುವ ದಾರಿಯನ್ನು ಬಿಟ್ಟು ಇಳಿಯುವ ದಾರಿಯನ್ನು ಹಿಡಿಯಿತು.

‘ಕೋಲಾರದ ರೈತನು ಸಂತೆಯಲ್ಲಿ ಎತ್ತುಗಳನ್ನು...’ ಎಂದಾಗ, ಕೊಂಡನೋ ಮಾರಿದನೋ ಎಂದು ನಾವು ಕ್ರಿಯಾಪದಕ್ಕಾಗಿ ಕಾಯುವುದಿಲ್ಲವೆ? ಪದಗಳನ್ನು ಪೇರಿಸಿಕೊಂಡು ಕಾಯುವ ಕೆಲಸ ಕನ್ನಡಿಗನ ಕಿವಿಗೆ ಹೊಸದಲ್ಲ. ಈಗ ‘೨ × ೩ + ೪’ ಎಂಬುದನ್ನು ಕಾಗದದ ಮೇಲೆ ಪೇರಿಸಿ ನೋಡಿರಿ. ೩ನ್ನು ಓದಿದ ಮೇಲೆ ಯಂತ್ರವು ಕಾಯುವುದೋ ಇಲ್ಲವೋ ನೀವೇ ಹೇಳಬಲ್ಲಿರಿ.