ಸಣ್ಣ ಜೋಡಿ, ದೊಡ್ಡ ಪರೀಕ್ಷೆ

ಇಸ್ಪೀಟಿನಲ್ಲಿ ಕೆಟ್ಟ ಎಲೆ ಬಂದವನು ಅಷ್ಟಾಗಿ ಕೆಡುವುದಿಲ್ಲ. ಏಳು, ಎರಡು ಬಂದರೆ ಯಾರಾದರೂ ಎಲೆ ಕೆಳಗಿಟ್ಟು ಚಹಾಕ್ಕೆ ಎದ್ದು ಹೋಗುತ್ತಾರೆ. ಎರಡು ಎಕ್ಕ ಬಂದವನಿಗೂ ತಲೆಬಿಸಿ ಕಡಿಮೆ. ಕೆಡುವುದು ನಡುವಿನವನು. ಕೈಯಲ್ಲಿ ಎರಡು ನಾಲ್ಕು ಅಥವಾ ಎರಡು ಐದು ಹಿಡಿದವನು. ಏನೋ ಇದೆ ಅನ್ನಿಸುವಷ್ಟು ಇದೆ, ಗೆಲ್ಲಿಸುವಷ್ಟು ಇಲ್ಲ.

ಪೋಕರ್‌ನಲ್ಲಿ ಇದಕ್ಕೆ ಸಣ್ಣ ಪಾಕೆಟ್ ಪೇರ್ ಎನ್ನುತ್ತಾರೆ. ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡು ಎಲೆ ಕೊಡುತ್ತಾರೆ. ಒಂದು ಸುತ್ತು ಪಣ ಮುಗಿದ ಮೇಲೆ ನಡುವೆ ಮೂರು ಎಲೆ ತೆರೆಯುತ್ತಾರೆ. ಅದು ಫ್ಲಾಪ್. ಆಮೇಲೆ ಟರ್ನ್ ಎಂಬ ನಾಲ್ಕನೇ ಎಲೆ, ರಿವರ್ ಎಂಬ ಐದನೇ ಎಲೆ. ಪ್ರತಿ ಬಾರಿಯೂ ಒಂದು ಸುತ್ತು ಪಣ. ಕೈಯಲ್ಲಿನ ಎರಡು ಮತ್ತು ನಡುವಿನ ಐದು ಸೇರಿ ಏಳರಲ್ಲಿ ಒಳ್ಳೆಯ ಐದು ಯಾರದ್ದೋ ಅವರು ಗೆದ್ದಂತೆ. ಮೊದಲು ಕೊಟ್ಟ ಎರಡೂ ಎಲೆ ಒಂದೇ ಅಂಕಿಯವಾಗಿದ್ದರೆ ಪಾಕೆಟ್ ಪೇರ್. ಸರಾಸರಿ 17 ಆಟಕ್ಕೆ ಒಮ್ಮೆ ಬರುತ್ತದೆ.

ನಮ್ಮ ಹಾಸ್ಟೆಲ್ ಕೋಣೆಯಲ್ಲಿ ನಾವು ನಾಲ್ವರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಹೀಗೆ ತಾಲ್ಲೂಕಿಗೊಬ್ಬರು. ಬಿ.ಇ. ಗಣಿತದಲ್ಲಿ ಸಂಭವನೀಯತೆಯ ಪಾಠ ಬಂದಾಗ ಅದನ್ನು ಇಸ್ಪೀಟಿನ ಮೇಲೆ ಪರೀಕ್ಷಿಸಿ ನೋಡೋಣ ಎಂದು ಶುರು ಮಾಡಿದ್ದು. ದುಡ್ಡಿಲ್ಲ, ತಲಾ 200 ಹುಣಸೆ ಬೀಜ. ಹಾನಗಲ್ಲಿನವ ಸಣ್ಣ ಜೋಡಿ ಬಂದ ಕೂಡಲೇ ಬೀಜ ಸುರಿಯುತ್ತಾನೆ. ಸವಣೂರಿನವ ಕೊನೆಯ ಎಲೆಯವರೆಗೂ ಸುಮ್ಮನೆ ಹಿಂಬಾಲಿಸುತ್ತಾನೆ. ಹಿರೇಕೆರೂರಿನವ ಮಾತ್ರ ಫ್ಲಾಪ್ ನೋಡಿ, ಬಹಳ ಸಲ ಎಲೆ ಬಿಸಾಕುತ್ತಾನೆ. ತಿಂಗಳ ಕೊನೆಗೆ ಹೆಚ್ಚು ಬೀಜ ಅವನ ಡಬ್ಬಿಯಲ್ಲೇ ಇರುತ್ತವೆ. ಏಕೆಂದು ಲೆಕ್ಕ ಹಾಕಿ ನೋಡಿದೆವು.

ಫ್ಲಾಪ್ ಹೇಳುವ ಲೆಕ್ಕ

ಕೈಯಲ್ಲಿ ಎರಡು ಐದು ಇವೆ ಎಂದುಕೊಳ್ಳಿ. ಫ್ಲಾಪ್‌ನಲ್ಲಿ ಇನ್ನೊಂದು ಐದು ಬಂದರೆ ಅದು ಸೆಟ್, ಬಲು ಗಟ್ಟಿ ಕೈ. ಆದರೆ ಅದು ಬರುವ ಸಾಧ್ಯತೆ ಶೇ 11.8 ಮಾತ್ರ. ಎಂಟು ಒಂಬತ್ತು ಸಲ ಫ್ಲಾಪ್ ನೋಡಿದರೆ ಒಮ್ಮೆ. ಇನ್ನೊಂದು ಕಡೆ, ಫ್ಲಾಪ್‌ನಲ್ಲಿ ಐದಕ್ಕಿಂತ ದೊಡ್ಡ ಎಲೆ ಒಂದಾದರೂ ಬೀಳುವ ಸಾಧ್ಯತೆ ಶೇ 98. ಅಂದರೆ ಸಣ್ಣ ಜೋಡಿ ಹಿಡಿದವನು ಹೆಚ್ಚುಕಮ್ಮಿ ಪ್ರತಿ ಸಲವೂ ತನಗಿಂತ ದೊಡ್ಡ ಎಲೆಯನ್ನು ಎದುರಿಗೆ ಇಟ್ಟುಕೊಂಡೇ ಆಡಬೇಕು.

ಫ್ಲಾಪ್‌ನಲ್ಲಿ ಬರದಿದ್ದರೇನು, ಮುಂದೆ ಬರಬಹುದಲ್ಲ? ಉಳಿದ 47 ಎಲೆಗಳಲ್ಲಿ ನಮಗೆ ಬೇಕಾದ ಐದು ಎರಡೇ. ಮುಂದಿನ ಎಲೆಗೇ ಅದು ಸಿಗುವ ಸಾಧ್ಯತೆ ಶೇ 4ರ ಆಸುಪಾಸು. ನಡುವೆ 60 ಬೀಜ ಇದೆ, ಎದುರಿನವನು 30 ಹಾಕಿದ ಎಂದುಕೊಳ್ಳಿ. ನೀವೂ 30 ಹಾಕಿದರೆ ಒಟ್ಟು 120. ಈ 30 ವಸೂಲಾಗಬೇಕಾದರೆ ನಾಲ್ಕರಲ್ಲಿ ಒಮ್ಮೆಯಾದರೂ ನೀವು ಗೆಲ್ಲಬೇಕು. ನಿಮ್ಮ ಐದಂತೂ 23 ಸಲಕ್ಕೊಮ್ಮೆ ಬರುವಂಥದ್ದು. ಅದನ್ನೇ ನಂಬಿ 30 ಹಾಕುವುದು ನಷ್ಟದ ವ್ಯಾಪಾರ.

ಹಾಗಂತ ಪ್ರತಿ ಸಲ ಬಿಡಬೇಕೆಂದಲ್ಲ. ಎದುರಿಗೆ ಒಬ್ಬನೇ ಇದ್ದು, ಅವನ ಬಳಿ ಜೋಡಿಯಲ್ಲದ ಎರಡು ದೊಡ್ಡ ಎಲೆ ಇದ್ದರೆ, ಮೂರರಲ್ಲಿ ಎರಡು ಸಲ ಫ್ಲಾಪ್ ಅವನಿಗೂ ಕೈಕೊಡುತ್ತದೆ. ಎಂಟು, ಏಳು, ಎರಡು ಬಿದ್ದು ಅವನ ಕೈಯಲ್ಲಿ ಎಕ್ಕ, ರಾಣಿ ಇದ್ದರೆ ನಿಮ್ಮ ಐದರ ಜೋಡಿಯೇ ಮುಂದಿದೆ. ಕೊನೆಯ ಎಲೆಯೊಳಗೆ ಅವನಿಗೆ ಎಕ್ಕವೋ ರಾಣಿಯೋ ಸಿಗುವ ಸಾಧ್ಯತೆ ಶೇ 25ರಷ್ಟೇ. ಅಲ್ಲಿ ಒಂದು ಸಣ್ಣ ಪಣ ತಾಳಿಕೊಳ್ಳುವುದರಲ್ಲಿ ಅರ್ಥವಿದೆ. ಎದುರಿಗೆ ಮೂವರಿದ್ದರೆ ಕತೆ ಬೇರೆ. ಮೂವರಿಗೂ ಫ್ಲಾಪ್ ಕೈಕೊಡುವುದು ಹತ್ತರಲ್ಲಿ ಮೂರು ಸಲ ಮಾತ್ರ. ಉಳಿದ ಏಳು ಸಲ ಯಾರಿಗೋ ಏನೋ ಸಿಕ್ಕಿರುತ್ತದೆ.

ಸೆಟ್ ಬಂದಾಗಲೂ ಒಂದು ಎಚ್ಚರ ಬೇಕು. ನಡುವಿನ ಮೂರೂ ಎಲೆ ಆಟೀನೇ ಆಗಿದ್ದರೆ, ಗುಟ್ಟು ಬಿಡಬಾರದೆಂದು ಸುಮ್ಮನೆ ಕೂರುವುದು ಜಾಣತನವಲ್ಲ. ನಾಲ್ಕನೇ ಆಟೀನ್ ಬೀಳುವ ಮೊದಲೇ ಎದುರಿನವರಿಂದ ಬೆಲೆ ವಸೂಲು ಮಾಡಬೇಕು. ಒಟ್ಟಿನಲ್ಲಿ ಸಣ್ಣ ಜೋಡಿಯ ಆಟ ಇಷ್ಟು: ಕಡಿಮೆ ಖರ್ಚಿನಲ್ಲಿ ಫ್ಲಾಪ್ ನೋಡು, ಸಿಕ್ಕರೆ ಜೋರಾಗಿ ಆಡು, ಸಿಗದಿದ್ದರೆ ಎಷ್ಟು ಜನ ಇದ್ದಾರೆ ಎಂದು ಎಣಿಸು, ಬಿಡು.

ಕೌಶಲ ಇರುವುದು ಬಿಡುವುದರಲ್ಲಿ

ಯುಗಾದಿ, ದೀಪಾವಳಿ ಹೊತ್ತಿಗೆ ನಮ್ಮ ಕಡೆ ಅಂದರ್ ಬಾಹರ್ ಆಡಿ ಸಿಕ್ಕಿಬಿದ್ದವರ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ ಅನೇಕರಿಗೆ ಬಾಯಿಪಾಠ. ಅಂದರ್ ಬಾಹರ್‌ನಲ್ಲಿ ಆಡುವವನು ಯೋಚಿಸುವಂಥದ್ದು ಏನೂ ಇಲ್ಲ. ಎಲೆ ಒಳಗೆ ಬೀಳಬೇಕು, ಇಲ್ಲವೇ ಹೊರಗೆ. 1967ರಲ್ಲಿ ಸುಪ್ರೀಂ ಕೋರ್ಟ್ ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ ಇದೇ ವ್ಯತ್ಯಾಸವನ್ನು ಗುರುತಿಸಿತು. ಮೂರೆಲೆಯಂಥ ಆಟ ಬರೀ ಅದೃಷ್ಟದ್ದು. ರಮ್ಮಿಯಲ್ಲಿ ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಜಾಣತನ ಬೇಕು, ಹಾಗಾಗಿ ಅದು ಮುಖ್ಯವಾಗಿ ಕೌಶಲದ ಆಟ ಎಂದಿತು.

ನಮ್ಮ ರಾಜ್ಯದಲ್ಲಿ ಈ ವಾದ ಪೋಕರ್‌ವರೆಗೂ ಬಂತು. 2021ರಲ್ಲಿ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ಒಪ್ಪಿಗೆ ನೀಡಿತು. ಕೌಶಲವೋ ಅದೃಷ್ಟವೋ ಎಂಬ ಭೇದ ಇಲ್ಲದೆ, ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟವೂ ಅದರ ಜಾಹೀರಾತೂ ನಿಷಿದ್ಧ. ಶಿಕ್ಷೆ ಇರುವುದು ಆಡಿಸುವವರಿಗೆ, ಆಡಿದವರಿಗಲ್ಲ.

ಪೋಕರ್ ಕೌಶಲದ ಆಟ ಹೌದೇ ಎಂದು ಕೇಳಿದರೆ, ಹುಣಸೆ ಬೀಜದ ಲೆಕ್ಕ ನೋಡಿದ ನಾನು ಹೌದು ಎನ್ನುತ್ತೇನೆ. ಆದರೆ ಆ ಕೌಶಲ ಯಾವುದು? ಬಹುಪಾಲು ಸಲ ಎಲೆ ಬಿಸಾಕಿ ಸುಮ್ಮನೆ ಕೂರುವುದು. ಜಾಹೀರಾತುಗಳು ಹೇಳದ ಮಾತು ಅದೇ. ಗೆದ್ದವನು ಕುಣಿಯುವುದನ್ನು ತೋರಿಸುತ್ತಿದ್ದರು. ಹತ್ತು ಸಲ ಎಲೆ ಬಿಟ್ಟು ಕೂತವನನ್ನು ಯಾರೂ ತೋರಿಸಲಿಲ್ಲ. ಆಡಿಸುವವರಿಗೆ ಪ್ರತಿ ಆಟದ ಪಣದಲ್ಲಿ ಪಾಲು ಸಿಗುತ್ತಿತ್ತು. ಬಿಟ್ಟು ಕೂತವನಿಂದ ಅವರಿಗೆ ಲಾಭವಿಲ್ಲ.

ನಮ್ಮ ಜಿಲ್ಲೆಯವರೇ ಆದ ಸೀನಿಯರ್ ಒಬ್ಬರು ಹೀಗೆ ಫೋನಿನಲ್ಲಿ ಆಡಿ ಸೆಮಿಸ್ಟರ್ ಶುಲ್ಕ ಕಳೆದುಕೊಂಡರು. ಆಟ ಬಾರದವರಲ್ಲ, ಮೇಲೆ ಹೇಳಿದ ಲೆಕ್ಕವೆಲ್ಲ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. “ಮತ್ಯಾಕಣ್ಣಾ ಬಿಡಲಿಲ್ಲ?” ಎಂದು ಕೇಳಿದೆ. “ಜೋಡಿ ಐತಲ್ಲೋ ತಮ್ಮಾ, ಅಷ್ಟು ರೊಕ್ಕ ಬ್ಯಾರೆ ಹಾಕೀನಿ, ಹೆಂಗ ಬಿಡ್ಲಿ?” ಎಂದರು. ನಡುವೆ ಬಿದ್ದ ರೊಕ್ಕ ಆಗಲೇ ತಮ್ಮದಲ್ಲ ಎಂಬುದು ಪೋಕರಿನ ಮೊದಲ ಪಾಠ. ಓದಿದ್ದು ಕೈಗೆ ಬರಲು ರಾತ್ರಿ ಎರಡು ಗಂಟೆಗೆ, ಸಾಲ ಮಾಡಿ ಕೂತಿದ್ದಾಗ ಆಗುವುದಿಲ್ಲ.

ವಿರಾಟನ ಊರಿನ ಜೂಜುಗಾರ

ಹಾನಗಲ್ಲೇ ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಎಂಬ ಪ್ರತೀತಿ ನಮ್ಮ ಕಡೆ ಹಳೆಯದು. ಧರ್ಮರಾಯ ಅಲ್ಲಿ ಕಂಕನೆಂಬ ಹೆಸರಿನಲ್ಲಿ ರಾಜನಿಗೆ ಪಗಡೆಯಾಟದ ಜೊತೆಗಾರನಾಗಿದ್ದ. ಜೂಜಿನಲ್ಲಿ ರಾಜ್ಯ ಕಳೆದುಕೊಂಡವನಿಗೆ ಅದೇ ಕೆಲಸವೇ? ನಡುವೆ ಒಂದು ಘಟನೆ ನಡೆದಿದೆ. ಕಾಡಿನಲ್ಲಿದ್ದಾಗ ಬೃಹದಶ್ವ ಋಷಿ ಅವನಿಗೆ ನಳನ ಕತೆ ಹೇಳಿ, ಅಕ್ಷಹೃದಯ ಎಂಬ ದಾಳದ ವಿದ್ಯೆ ಕಲಿಸುತ್ತಾನೆ. ಆ ಕತೆಯಲ್ಲಿ ಋತುಪರ್ಣ ರಾಜ ತಾರೆ ಮರವೊಂದರ ಎಲೆ, ಕಾಯಿಗಳ ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ಹೇಳುತ್ತಾನೆ. ದಾಳದ ವಿದ್ಯೆ ಎಂದರೆ ಎಣಿಕೆಯ ವಿದ್ಯೆ ಎಂದು ಆಗಲೇ ತಿಳಿದಿತ್ತು. ಧರ್ಮರಾಯನಿಗೆ ಅದು ಸಿಕ್ಕಿದ್ದು ತಮ್ಮಂದಿರನ್ನೂ ತನ್ನನ್ನೂ ದ್ರೌಪದಿಯನ್ನೂ ಒತ್ತೆಯಿಟ್ಟು ಸೋತ ಮೇಲೆ.

ನಮಗೆ ಮೊದಲೇ ಸಿಗಬೇಕು. ಇಸ್ಪೀಟಿಗಷ್ಟೇ ಅಲ್ಲ. ಕೆಲಸ ಹುಡುಕುವ ನಮ್ಮಲ್ಲಿ ಅನೇಕರ ಕೈಯಲ್ಲಿರುವುದು ಸಣ್ಣ ಜೋಡಿಯೇ. ಕಟ್‌ಆಫ್‌ಗೆ ಎರಡು ಅಂಕ ಕಡಿಮೆ, ಸಂದರ್ಶನದವರೆಗೆ ಬಂದ ಕರೆ. ಪೂರಾ ಸೋತವನು ಬೇಗ ಬೇರೆ ದಾರಿ ಹಿಡಿಯುತ್ತಾನೆ; ಸ್ವಲ್ಪದರಲ್ಲಿ ತಪ್ಪಿದವನು ವರ್ಷಗಟ್ಟಲೆ ಕೂರುತ್ತಾನೆ. ಇಲ್ಲಿ ಒಂದು ವ್ಯತ್ಯಾಸವನ್ನೂ ಹೇಳಬೇಕು. ಇಸ್ಪೀಟಿಗೆ ನೆನಪಿಲ್ಲ, ಹಿಂದಿನ ಆಟ ಮುಂದಿನ ಎಲೆಯನ್ನು ಬದಲಿಸುವುದಿಲ್ಲ. ಓದು ಹಾಗಲ್ಲ, ಕೂಡುತ್ತಾ ಹೋಗುತ್ತದೆ. ಆದ್ದರಿಂದ ಒಂದೆರಡು ಸಲ ತಪ್ಪಿತೆಂದು ಪರೀಕ್ಷೆ ಬಿಡಿ ಎನ್ನುವುದು ನನ್ನ ಮಾತಲ್ಲ. ಎಷ್ಟು ಪ್ರಯತ್ನ, ಯಾವ ತಿಂಗಳವರೆಗೆ, ಆಗದಿದ್ದರೆ ಮುಂದೇನು ಎಂಬುದನ್ನು ಫಲಿತಾಂಶ ಬರುವ ಮೊದಲೇ ಬರೆದಿಟ್ಟುಕೊಳ್ಳಿ. ಬಂದ ಮೇಲೆ ಮನಸ್ಸು ಲೆಕ್ಕ ಮಾಡುವುದಿಲ್ಲ, ಸಬೂಬು ಹುಡುಕುತ್ತದೆ.

ಹಿರೇಕೆರೂರಿನ ಗೆಳೆಯ ಇದನ್ನು ಪುಸ್ತಕದಲ್ಲಿ ಕಲಿತವನಲ್ಲ. ಗೋವಿನಜೋಳ ಬಿತ್ತಿದ ಮೇಲೆ ಮಳೆ ಹೋಗಿ ಮೊಳಕೆ ಏಳದಿದ್ದರೆ ಅವನ ಅಪ್ಪ ಹೊಲ ಹರಗಿ ಬೇರೆ ಬಿತ್ತುತ್ತಾರೆ. ಹಾಕಿದ ಬೀಜ, ಗೊಬ್ಬರದ ದುಡ್ಡು ನೆನೆದು ಬೋಳು ಹೊಲಕ್ಕೆ ಮತ್ತೆ ಗೊಬ್ಬರ ಸುರಿಯುವುದಿಲ್ಲ.

ಆಟದ ಸಾಲದಲ್ಲಿ ಈಗಾಗಲೇ ಸಿಕ್ಕಿಕೊಂಡವರು ಒಬ್ಬರೇ ಕೂತು ಲೆಕ್ಕ ಹಾಕಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಧಾರವಾಡದ ಡಿಮ್ಹಾನ್ಸ್ ನಮಗೆ ಹತ್ತಿರ. ನಮ್ಮ ಸೀನಿಯರ್ ಮೊದಲು ಹೇಳಿದ್ದು ಅವರ ಅವ್ವನಿಗೆ. ಆ ದಿನದಿಂದ ಸಾಲ ಬೆಳೆಯುವುದು ನಿಂತಿತು.